ಲ್ಯಾಂಬ್ಡಾ ಮೊದಲು ಲ್ಯಾಪ್‌ಟಾಪ್‌ನಲ್ಲಿ ಓಡಲಿ

2014ರ ನವೆಂಬರ್‌ನಲ್ಲಿ ಅಮೆಜಾನ್ ತನ್ನ ಲ್ಯಾಂಬ್ಡಾ ಸೇವೆಯನ್ನು ಪ್ರಕಟಿಸಿದಾಗ ಪ್ರೋಗ್ರಾಮರ್‌ಗಳ ತಲೆಯಿಂದ ದೊಡ್ಡ ಹೊರೆ ಇಳಿಯಿತು. ಸರ್ವರ್ ಬಾಡಿಗೆಗೆ ಹಿಡಿಯಬೇಕಿಲ್ಲ, ಅದಕ್ಕೆ ಅಪ್‌ಡೇಟ್ ಹಾಕುತ್ತ ಕೂರಬೇಕಿಲ್ಲ. ಫಂಕ್ಷನ್ ಬರೆದುಕೊಟ್ಟರೆ ಕರೆ ಬಂದಾಗ ಓಡುತ್ತದೆ, ಬಳಸಿದಷ್ಟಕ್ಕೆ ಮಾತ್ರ ದುಡ್ಡು. ಆದರೆ ಒಂದು ಸಾಲು ತಿದ್ದಿದರೂ ಕೋಡನ್ನು ಜಿಪ್ ಮಾಡಿ, ಕ್ಲೌಡ್‌ಗೆ ಏರಿಸಿ, ಲಾಗ್ ಬರುವ ತನಕ ಕಾಯುವ ಹೊಸ ಕಷ್ಟ ಶುರುವಾಯಿತು.

2017ರಲ್ಲಿ ಬಂದ ಸ್ಯಾಮ್ ಲೋಕಲ್ ಎಂಬ ಎಮ್ಯುಲೇಟರ್ ಈ ಕಾಯುವಿಕೆಗೆ ಸಿಕ್ಕ ಪರಿಹಾರ. ಅದು ಡಾಕರ್ ಕಂಟೇನರ್ ಒಳಗೆ ಲ್ಯಾಂಬ್ಡಾದಂಥದೇ ವಾತಾವರಣ ಕಟ್ಟಿ, ನಾವು ಕೊಟ್ಟ ಜೇಸನ್ ಇವೆಂಟನ್ನು ಫಂಕ್ಷನ್‌ಗೆ ಒಪ್ಪಿಸುತ್ತದೆ. ಡಿಬಗರ್ ಜೋಡಿಸಿ ಬೇಕಾದ ಸಾಲಿನಲ್ಲಿ ನಿಲ್ಲಿಸಬಹುದು. ಕ್ಲೌಡ್ ಅಕೌಂಟಿಗೆ ಕೊಡಲು ಕಾರ್ಡ್ ಇಲ್ಲದ ವಿದ್ಯಾರ್ಥಿಯೂ ಹೀಗೆ ಮನೆಯಲ್ಲೇ ಕಲಿಯಬಹುದು ಎಂಬುದು ನನಗೆ ಬಹಳ ಮುಖ್ಯ. ಅಜೂರ್‌ಗೆ ಕೋರ್ ಟೂಲ್ಸ್, ಗೂಗಲ್‌ಗೆ ಫಂಕ್ಷನ್ಸ್ ಫ್ರೇಮ್‌ವರ್ಕ್ ಇದೇ ಕೆಲಸ ಮಾಡುತ್ತವೆ.

ಇಷ್ಟಾದರೂ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಕ್ಲೌಡ್‌ನಲ್ಲಿ ಮುಗ್ಗರಿಸುವುದುಂಟು. ಮೊದಲ ಕಾರಣ ಅನುಮತಿ. ನಮ್ಮ ಯಂತ್ರದಲ್ಲಿ ಫಂಕ್ಷನ್ ಅಮೆಜಾನ್‌ನ ಫೈಲ್ ಸಂಗ್ರಹವಾದ ಎಸ್3 ಬಕೆಟ್ ಮುಟ್ಟುವುದು ಸಾಮಾನ್ಯವಾಗಿ ಡೆವಲಪರ್‌ನ ಸ್ವಂತ ಕ್ರೆಡೆನ್ಶಿಯಲ್ ಬಳಸಿ, ಅದಕ್ಕೆ ಹೆಚ್ಚಿನ ಬಾಗಿಲುಗಳು ತೆರೆದೇ ಇರುತ್ತವೆ. ಕ್ಲೌಡ್‌ನಲ್ಲಿ ಫಂಕ್ಷನ್‌ಗೆ ತನ್ನದೇ ಐಎಎಂ ರೋಲ್, ಅಂದರೆ ಏನೇನು ಮುಟ್ಟಬಹುದು ಎಂಬ ಅನುಮತಿಗಳ ಗುಚ್ಛ. ಒಂದು ಅನುಮತಿ ಬಿಟ್ಟುಹೋದರೂ ಕೆಲಸ ನಿಲ್ಲುತ್ತದೆ. ಎರಡನೆಯದು ವೇಗ. ಲ್ಯಾಂಬ್ಡಾದಲ್ಲಿ ಮೆಮೊರಿಗೆ ತಕ್ಕಷ್ಟೇ ಸಿಪಿಯು: 1,769 ಎಂಬಿ ಕೊಟ್ಟರೆ ಒಂದು ಪೂರ್ತಿ ವಿಸಿಪಿಯು, 128 ಎಂಬಿ ಕೊಟ್ಟರೆ ಅದರಲ್ಲೊಂದು ಚೂರು. ನಮ್ಮ ಪ್ರೊಸೆಸರ್ ಕ್ಷಣದಲ್ಲಿ ಮುಗಿಸುವ ಲೆಕ್ಕ ಅಲ್ಲಿ 3 ಸೆಕೆಂಡ್‌ನ ಡೀಫಾಲ್ಟ್ ಗಡುವನ್ನು ದಾಟಿಬಿಡಬಹುದು. ಮೂರನೆಯದು ಚಿಪ್. ಹೊಸ ಮ್ಯಾಕ್‌ನ ಆರ್ಮ್ ಚಿಪ್‌ಗೆ ಕಂಪೈಲ್ ಆದ ಲೈಬ್ರರಿ ಎಕ್ಸ್86 ಫಂಕ್ಷನ್‌ನಲ್ಲಿ ಲೋಡ್ ಆಗುವುದೇ ಇಲ್ಲ.

ಹಾಗಾಗಿ ಎಮ್ಯುಲೇಟರ್‌ಗಿಂತ ಕೋಡಿನ ರಚನೆಯೇ ಹೆಚ್ಚು ಕಾಪಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕರೆ ಬಂದಾಗ ಮೊದಲು ಓಡುವ ಹ್ಯಾಂಡ್ಲರ್ ಇವೆಂಟನ್ನು ಬಿಡಿಸಿಕೊಟ್ಟು ಸರಿಯಲಿ. ಜಿಎಸ್‌ಟಿ ಲೆಕ್ಕವೋ ಬಿಲ್ ತಯಾರಿಯೋ, ಅಸಲಿ ಕೆಲಸ ಅಮೆಜಾನ್‌ನ ಗಂಧವೂ ಇಲ್ಲದ ಸಾಮಾನ್ಯ ಫಂಕ್ಷನ್‌ನಲ್ಲಿರಲಿ. ಅದರ ಯೂನಿಟ್ ಟೆಸ್ಟ್‌ಗೆ ಡಾಕರ್ ಕೂಡ ಬೇಡ.

ಅನುಮತಿ, ಗಡುವುಗಳ ಪರೀಕ್ಷೆ ಮಾತ್ರ ನಿಜವಾದ ಕ್ಲೌಡ್‌ನಲ್ಲೇ ನಡೆಯಬೇಕು. ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ಕರೆಗಳು ಉಚಿತ, ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ. ತಂಡ ನಡೆಸುವವರು ಪ್ರತಿ ಡೆವಲಪರ್‌ಗೂ ಪ್ರೊಡಕ್ಷನ್‌ನಿಂದ ದೂರವಿರುವ ಒಂದು ಪರೀಕ್ಷಾ ಅಕೌಂಟ್ ದಯವಿಟ್ಟು ಕೊಡಿ.