ಪಬ್ ಪ್ರವಾಸದ ಬಿಲ್ಲು ಯಾವ ಖಾತೆಗೆ?

ಬೆಂಗಳೂರಿನ ಚರ್ಚ್ ಸ್ಟ್ರೀಟ್, ಇಂದಿರಾನಗರಗಳಲ್ಲಿ ಮಾರ್ಗದರ್ಶಕನೊಡನೆ ಒಂದೇ ರಾತ್ರಿ ಮೂರು-ನಾಲ್ಕು ಪಬ್‌ ಸುತ್ತುವ ಪ್ರವಾಸಕ್ಕೆ ಚನ್ನಗಿರಿಯ ಅಡಿಕೆ ವರ್ತಕರೋ ಜಗಳೂರಿನ ಕಿರು ಉದ್ಯಮಿಯೋ ತಮ್ಮ ಖರೀದಿದಾರರನ್ನು ಕರೆದೊಯ್ದರೆನ್ನೋಣ. ಮದ್ಯವು 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯ ಹೊರಗಿದೆ. ಆ ಬಾಬ್ತಿನಲ್ಲಿ ಇನ್‌ಪುಟ್ ತೆರಿಗೆ ಜಮೆಯ ಪ್ರಶ್ನೆಯೇ ಉದ್ಭವಿಸದು. ಊಟಕ್ಕೆ ಜಿಎಸ್‌ಟಿ ಉಂಟು. ಆದರೆ ಬಿಲ್ಲಿನಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ ಬರೆಸಿದರೂ (ಬರೆಸಿದರೆ ಸಾಕೆಂಬ ಭ್ರಮೆ ನಮ್ಮಲ್ಲಿ ಬಹಳ) ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನನ್ವಯ ಜಮೆ ದೊರೆಯದು.

ಆದಾಯ ತೆರಿಗೆಯ ಮಾತು ಬೇರೆ. ವೆಚ್ಚವು ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕೇ ಆಗಿದ್ದಲ್ಲಿ ಲಾಭದಿಂದ ಕಳೆಯಬಹುದು. ಯಾರೊಡನೆ, ಯಾವ ವ್ಯವಹಾರಕ್ಕೆಂದು ಅಂದೇ ಬರೆದಿಡತಕ್ಕದ್ದು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಪಾವತಿಸಿದರೆ ಆ ಕಡಿತವೂ ಇಲ್ಲ. ಪಾಲುದಾರರಷ್ಟೇ ಹೋಗಿ ಬಂದಿದ್ದರೆ ಪ್ರಯಾಣ ವೆಚ್ಚವೆಂದು ತೋರಿಸದೆ ಡ್ರಾಯಿಂಗ್ಸ್ ಖಾತೆಗೆ ಹಾಕಿರಿ.