ಭೂಮ್ಯತೀತ ಜೀವಿಗಳಿಗೆ ಸಂದೇಶ: ಆಲಿಸುವಿಕೆ, ಪ್ರಸಾರ ಮತ್ತು ಸಮ್ಮತಿಯ ಪ್ರಶ್ನೆ

ಭೂಮಿಯ ಆಚೆ ಬುದ್ಧಿಮತ್ತೆಯುಳ್ಳ ಜೀವಿಗಳಿದ್ದಲ್ಲಿ ಅವುಗಳನ್ನು ರೇಡಿಯೋ ತರಂಗಗಳ ಮೂಲಕ ಅರಸಬಹುದೆಂಬ ವಿಚಾರವನ್ನು ಜುಸೆಪ್ಪೆ ಕೊಕ್ಕೋನಿ ಮತ್ತು ಫಿಲಿಪ್ ಮಾರಿಸನ್ ಅವರು 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು. ವಿಶ್ವದಲ್ಲಿ ಹೇರಳವಾಗಿರುವ ಜಲಜನಕವು ಹೊಮ್ಮಿಸುವ 1420 ಮೆಗಾಹರ್ಟ್ಸ್ ಆವರ್ತಾಂಕವು ಎಲ್ಲ ನಾಗರಿಕತೆಗಳಿಗೂ ಪರಿಚಿತವಾಗಿರಲೇಬೇಕೆಂಬುದು ಅವರ ತರ್ಕವಾಗಿತ್ತು. ಮರುವರ್ಷವೇ ಫ್ರಾಂಕ್ ಡ್ರೇಕ್ ಅವರು ಅಮೆರಿಕದ ಗ್ರೀನ್ ಬ್ಯಾಂಕ್‌ನ ದೂರದರ್ಶಕವನ್ನು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ನಕ್ಷತ್ರಗಳತ್ತ ತಿರುಗಿಸಿ ಆಲಿಸಿದರು. ಅಂದಿನಿಂದ ಇಂದಿನವರೆಗೆ ದೃಢಪಟ್ಟ ಸಂಕೇತವೊಂದೂ ದೊರೆತಿಲ್ಲ. ಆದರೆ ಈ ಅನ್ವೇಷಣೆಯ ಜೊತೆಗೇ ಬೆಳೆದುಬಂದ ಇನ್ನೊಂದು ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಕೇಳುವುದಷ್ಟೇ ಸಾಕೇ, ಅಥವಾ ಮಾನವರು ತಾವಾಗಿಯೇ ಮಾತನಾಡಿಸಬೇಕೇ ಎಂಬುದೇ ಆ ಪ್ರಶ್ನೆ.

ಆಲಿಸುವಿಕೆ ಮತ್ತು ಪ್ರಸಾರಗಳೆರಡೂ ಒಂದೇ ಉಪಕರಣದಿಂದ ನಡೆಯಬಹುದಾದರೂ ಅವುಗಳ ಸ್ವರೂಪ ಬೇರೆ. ಆಲಿಸುವವನು ತನ್ನ ಇರವನ್ನು ತೋರಿಸಿಕೊಳ್ಳುವುದಿಲ್ಲ, ಬೇಡವೆನಿಸಿದಾಗ ನಿಲ್ಲಿಸಬಹುದು. ಒಮ್ಮೆ ಹೊರಟ ಸಂದೇಶವಾದರೋ ಬೆಳಕಿನ ವೇಗದಲ್ಲಿ ಸಾಗುತ್ತದೆ. ಅದನ್ನು ಹಿಂದಕ್ಕೆ ಕರೆಯಲು ಯಾವ ಉಪಾಯವೂ ಇಲ್ಲ.

ಪ್ರಸಾರಗಳ ಇತಿಹಾಸ

1974ರ ನವೆಂಬರ್ 16ರಂದು ಪೋರ್ಟೊರಿಕೊ ದ್ವೀಪದ ಅರೆಸಿಬೋ ದೂರದರ್ಶಕದ ನವೀಕರಣ ಸಮಾರಂಭದಲ್ಲಿ ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಸಂದೇಶವೊಂದನ್ನು ಪ್ರಸಾರ ಮಾಡಲಾಯಿತು. ಅದರಲ್ಲಿ 1679 ದ್ವಿಮಾನ ಅಂಕಗಳಿದ್ದವು. ಈ ಸಂಖ್ಯೆಯು 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾದ್ದರಿಂದ, ಅಂಕಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದರೆ ಚಿತ್ರವೊಂದು ಮೂಡುತ್ತದೆ. ಮಾನವಾಕೃತಿ, ಡಿಎನ್‌ಎ ಸುರುಳಿ ಮತ್ತು ಸೌರವ್ಯೂಹದ ರೇಖಾಚಿತ್ರಗಳು ಅದರಲ್ಲಿದ್ದವು. ಗುರಿಯಾದ ಎಂ-13 ನಕ್ಷತ್ರಗುಚ್ಛವು ಸುಮಾರು 25,000 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಉತ್ತರವೊಂದು ಬರುವುದಾದರೂ 50,000 ವರ್ಷ ಕಾಯಬೇಕು. ಹೀಗಾಗಿ ಇದು ಸಂಪರ್ಕದ ಯತ್ನಕ್ಕಿಂತ ಹೆಚ್ಚಾಗಿ ತಾಂತ್ರಿಕ ಸಾಮರ್ಥ್ಯದ ಪ್ರದರ್ಶನವಾಗಿತ್ತು. ಆದರೂ ಬ್ರಿಟನ್ನಿನ ಅಂದಿನ ರಾಜಖಗೋಳಜ್ಞ, ನೊಬೆಲ್ ಪುರಸ್ಕೃತ ಮಾರ್ಟಿನ್ ರೈಲ್ ಅವರು ಇದನ್ನು ಅಪಾಯಕಾರಿ ನಡೆಯೆಂದು ಆಕ್ಷೇಪಿಸಿದರು.

ಮುಂದಿನ ಪ್ರಸಾರಗಳು ಸಮೀಪದ ನಕ್ಷತ್ರಗಳನ್ನು ಆರಿಸಿಕೊಂಡವು. ಕ್ರಿಮಿಯಾದ ಎವ್ಪಟೋರಿಯಾದಲ್ಲಿರುವ 70 ಮೀಟರ್ ವ್ಯಾಸದ ಉಪಕರಣದಿಂದ 1999, 2001, 2003 ಮತ್ತು 2008ರಲ್ಲಿ ಸಂದೇಶಗಳು ಹೊರಟವು. ಅಲೆಕ್ಸಾಂಡರ್ ಜೈಟ್ಸೆವ್ ಇವುಗಳ ಮುಖ್ಯ ಪ್ರತಿಪಾದಕರಾಗಿದ್ದರು. 2008ರ ಸಂದೇಶವು ಸುಮಾರು 20 ಜ್ಯೋತಿರ್ವರ್ಷ ದೂರದ ಗ್ಲೀಸ್ 581 ನಕ್ಷತ್ರವನ್ನು 2029ರ ಸುಮಾರಿಗೆ ತಲುಪಲಿದೆ. 2017ರಲ್ಲಿ ನಾರ್ವೆಯಿಂದ ಕಳುಹಿಸಿದ ಸಂದೇಶದ ಗುರಿಯಾದ ಲೂಟನ್ ನಕ್ಷತ್ರವು ಕೇವಲ 12.4 ಜ್ಯೋತಿರ್ವರ್ಷ ದೂರದಲ್ಲಿದೆ. ಇಲ್ಲಿ ಪ್ರಶ್ನೋತ್ತರದ ಅವಧಿ ಸುಮಾರು 25 ವರ್ಷ, ಎಂದರೆ ಒಂದು ತಲೆಮಾರಿನ ಕಾಲ.

ವಾದ ಮತ್ತು ಪ್ರತಿವಾದ

ಪ್ರಸಾರದ ಪರವಾಗಿರುವವರು ಮುಖ್ಯವಾಗಿ ಎರಡು ಕಾರಣಗಳನ್ನು ಮುಂದಿಡುತ್ತಾರೆ. ಎಲ್ಲ ನಾಗರಿಕತೆಗಳೂ ಕೇಳುತ್ತಲೇ ಕುಳಿತರೆ ಯಾರಿಗೂ ಏನೂ ಕೇಳಿಸದು ಎಂಬುದು ಮೊದಲನೆಯದು. ದೂರದರ್ಶನ ಮತ್ತು ರೇಡಾರ್‌ಗಳ ಸೋರಿಕೆಯಿಂದ ಭೂಮಿಯ ಇರವು ಈಗಾಗಲೇ ಬಯಲಾಗಿದೆ ಎಂಬುದು ಎರಡನೆಯದು. ಮೊದಲ ವಾದಕ್ಕೆ ತೂಕವಿದೆ. ಎರಡನೆಯದನ್ನು ಪೂರ್ಣವಾಗಿ ಒಪ್ಪಲಾಗದು. ಎಲ್ಲ ದಿಕ್ಕಿಗೂ ಚದುರಿ ಕ್ಷೀಣಿಸುವ ಸೋರಿಕೆಗೂ, ಒಂದು ನಕ್ಷತ್ರಕ್ಕೆ ಗುರಿಯಿಟ್ಟು ಕಳುಹಿಸುವ ಕಿರಿದಾದ ಪ್ರಬಲ ಕಿರಣಪುಂಜಕ್ಕೂ ಅಪಾರ ವ್ಯತ್ಯಾಸವಿದೆ.

ವಿರೋಧಿಗಳು ವಸಾಹತುಶಾಹಿಯ ಇತಿಹಾಸವನ್ನು ನೆನಪಿಸುತ್ತಾರೆ. ಸ್ಟೀಫನ್ ಹಾಕಿಂಗ್ ಅವರು 2010ರಲ್ಲಿ, ಅನ್ಯಜೀವಿಗಳ ಆಗಮನವು ಕೊಲಂಬಸನ ಆಗಮನದಿಂದ ಅಮೆರಿಕದ ಮೂಲನಿವಾಸಿಗಳಿಗೆ ಒದಗಿದ ಗತಿಯನ್ನೇ ತಂದೀತೆಂದು ಎಚ್ಚರಿಸಿದರು. ಈ ಹೋಲಿಕೆಗೂ ಮಿತಿಯಿದೆ. ಅದು ಮನುಷ್ಯ ಮನುಷ್ಯನಿಗೆ ಮಾಡಿದ ಅನ್ಯಾಯದ ಕಥೆ. ಮಾನವೇತರ ನಾಗರಿಕತೆಯ ನಡವಳಿಕೆಗೆ ಅದು ಸಾಕ್ಷ್ಯವಾಗದು. ಅವರು ಸೌಮ್ಯರೆಂದು ನಂಬುವುದಕ್ಕೂ ಕ್ರೂರರೆಂದು ಶಂಕಿಸುವುದಕ್ಕೂ ಆಧಾರವಿಲ್ಲದಿರುವಾಗ, ವಿವೇಚಿಸಲು ಸಾಧ್ಯವಿರುವುದು ಮಾನವರ ಹೊಣೆಯನ್ನು ಮಾತ್ರ. ಇಡೀ ಭೂಮಿಯ ಪರವಾಗಿ ಮಾತನಾಡುವ ಅಧಿಕಾರ ಯಾರಿಗಿದೆ ಎಂಬುದು ಇಲ್ಲಿನ ಮೂಲಪ್ರಶ್ನೆ.

ಪ್ರಾತಿನಿಧ್ಯದ ಸಮಸ್ಯೆ

ಈ ಪ್ರಶ್ನೆ ಕನ್ನಡಕ್ಕೂ ಸಂಬಂಧಿಸಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳು ಹೊತ್ತೊಯ್ದ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಅಲ್ಲಿನ ಧ್ವನಿಯು ಕನ್ನಡಿಗರ ಪರವಾಗಿಯೇ ಶುಭ ಕೋರುತ್ತದೆ. ಸುರಶ್ರೀ ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಅದರಲ್ಲಿದೆ. ಇದು ಅಭಿಮಾನದ ಸಂಗತಿ. ಆದರೆ ಆಯ್ಕೆ ಮಾಡಿದ್ದು ಕಾರ್ಲ್ ಸೇಗನ್ ನೇತೃತ್ವದ ಚಿಕ್ಕ ಸಮಿತಿ. ಕನ್ನಡಿಗರ ಪರವಾಗಿ ನುಡಿಯಲು ಕನ್ನಡ ನಾಡು ಯಾರನ್ನೂ ನಿಯೋಜಿಸಿರಲಿಲ್ಲ. ಮಂದಗತಿಯ ನೌಕೆಯು ಇನ್ನೊಂದು ನಕ್ಷತ್ರದ ಸನಿಹಕ್ಕೆ ಸಾಗಲು ಸುಮಾರು 40,000 ವರ್ಷ ಹಿಡಿಯುವುದರಿಂದ ಈ ಶುಭಾಶಯದಿಂದ ಬಾಧಕವೇನೂ ಇಲ್ಲ. ಅದೇ ಪದ್ಧತಿ ಪ್ರಬಲ ರೇಡಿಯೋ ಪ್ರಸಾರಕ್ಕೂ ಮುಂದುವರಿದಾಗ ವಿಷಯ ಗಂಭೀರವಾಗುತ್ತದೆ. 2008ರ ಎವ್ಪಟೋರಿಯಾ ಪ್ರಸಾರದ 501 ಸಂದೇಶಗಳನ್ನು ಆರಿಸಿದವರು ಒಂದು ಜಾಲತಾಣದ ಬಳಕೆದಾರರು. ಪರಿಣಾಮವೇನಾದರೂ ಉಂಟಾದರೆ ಅದನ್ನು ಎದುರಿಸಬೇಕಾದವರು ಎಲ್ಲ ದೇಶಗಳ, ಇನ್ನೂ ಹುಟ್ಟದ ಪೀಳಿಗೆಗಳ ಜನ.

ಈ ವಿಷಯದಲ್ಲಿ ನಿಯಮಗಳು ಅಪೂರ್ಣವಾಗಿವೆ. ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿಯು 1989ರಲ್ಲಿ ಅಂಗೀಕರಿಸಿದ ತತ್ತ್ವಗಳ ಪ್ರಕಾರ, ಅನ್ಯಲೋಕದ ಸಂಕೇತ ದೊರೆತರೆ ಅಂತರರಾಷ್ಟ್ರೀಯ ಸಮಾಲೋಚನೆಯಿಲ್ಲದೆ ಉತ್ತರಿಸಕೂಡದು. ಕರೆ ಬಂದಾಗ ಓಗೊಡುವುದಕ್ಕೆ ಈ ಸಂಯಮವಿದೆ. ತಾವೇ ಮೊದಲು ಕರೆಯುವುದಕ್ಕೆ ಅಂಥ ಕಟ್ಟುಪಾಡಿಲ್ಲ. ಈ ತತ್ತ್ವಗಳಿಗೆ ಕಾನೂನಿನ ಬಲವೂ ಇಲ್ಲ.

ಒಂದು ಪೂರ್ವನಿದರ್ಶನ

ಸಂಯಮವು ವಿಜ್ಞಾನಕ್ಕೆ ಮಾರಕವೆಂಬ ಆಕ್ಷೇಪವಿದೆ. ಅರೆಸಿಬೋ ಸಂದೇಶ ಹೊರಟ 1974ರಲ್ಲೇ ಪಾಲ್ ಬರ್ಗ್ ಮೊದಲಾದ ಜೀವವಿಜ್ಞಾನಿಗಳು, ಡಿಎನ್‌ಎ ಮರುಸಂಯೋಜನೆಯ ಕೆಲವು ಪ್ರಯೋಗಗಳನ್ನು ಅಪಾಯದ ಅಂದಾಜು ಸಿಗುವವರೆಗೆ ಸ್ವಯಂ ತಡೆಹಿಡಿಯಬೇಕೆಂದು ಸಹೋದ್ಯೋಗಿಗಳನ್ನು ಕೋರಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸಮಾವೇಶ ನಡೆದು ಸುರಕ್ಷಾ ಕ್ರಮಗಳು ರೂಪುಗೊಂಡವು. ಆ ಬಳಿಕ ಸಂಶೋಧನೆ ಮುಂದುವರಿದು ಜೈವಿಕ ತಂತ್ರಜ್ಞಾನ ವಿಸ್ತಾರವಾಗಿ ಬೆಳೆಯಿತು. ಎರಡು ಪ್ರಸಂಗಗಳೂ ಪೂರ್ಣವಾಗಿ ಸಮಾನವಲ್ಲ. ಪ್ರಯೋಗಾಲಯದ ಅಪಾಯವನ್ನು ಅಳೆಯಬಹುದಿತ್ತು. ಅನ್ಯಜೀವಿಗಳಿಂದ ಬರಬಹುದಾದ ಅಪಾಯವನ್ನು ಅಳೆಯಲಾಗದು. ಆದರೆ ಅಳತೆಗೆ ಸಿಗದ ಅಪಾಯವು ಸಮಾಲೋಚನೆಯ ಅಗತ್ಯವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಆದುದರಿಂದ ಆಲಿಸುವ ಕಾರ್ಯವನ್ನು ಇನ್ನಷ್ಟು ಬಲಪಡಿಸುವುದು, ಸಮೀಪದ ನಕ್ಷತ್ರಗಳಿಗೆ ಗುರಿಯಿಟ್ಟ ಪ್ರಬಲ ಪ್ರಸಾರಗಳನ್ನು ರಾಷ್ಟ್ರಗಳ ನಡುವೆ ಚರ್ಚೆಯಾಗುವವರೆಗೆ ತಡೆಹಿಡಿಯುವುದು ಸಮಂಜಸವಾದ ಮಾರ್ಗ. ಇಂಥ ಸಾಮರ್ಥ್ಯದ ಪ್ರಸಾರಕಗಳು ಜಗತ್ತಿನಲ್ಲಿ ಕೆಲವೇ ಇದ್ದು, ಹೆಚ್ಚಿನವು ಸಾರ್ವಜನಿಕ ಹಣದಿಂದ ನಡೆಯುವುದರಿಂದ ಈ ಸಂಯಮ ಆಚರಣೆಗೆ ಅಸಾಧ್ಯವೇನಲ್ಲ. ಅಂಥ ಚರ್ಚೆಯ ಕೊನೆಗೆ ಮಾನವಕುಲವು ಮಾತನಾಡಲು ನಿರ್ಧರಿಸಿದರೆ, ಆಗ ಹೊರಡುವ ಸಂದೇಶವು ಕೆಲವರದಾಗಿರದೆ ಭೂಮಿಯದಾಗಿರುತ್ತದೆ.