ತೋಪು ಎಳೆದವರ ಕಾದಂಬರಿ

ಸೋತು ಹಿಮ್ಮೆಟ್ಟುವ ಸೈನ್ಯಕ್ಕೆ ಭಾರೀ ತೋಪಿಗಿಂತ ದೊಡ್ಡ ಪೀಡೆ ಇಲ್ಲ. 1808ರ ನವೆಂಬರಿನಲ್ಲಿ ಎಸ್ಪಿನೋಸಾದಲ್ಲಿ ಫ್ರೆಂಚರಿಗೆ ಸೋತ ಸ್ಪೇನಿನ ಸೈನಿಕರು ಗುಡ್ಡದ ದಾರಿಯಲ್ಲಿ ಕಂಚಿನ ತೋಪೊಂದನ್ನು ಬಿಟ್ಟು ಹೋಗುತ್ತಾರೆ. ಊರವರು ಅದನ್ನು ಕಲ್ಲಿನ ಕ್ವಾರಿಯಲ್ಲಿ ಮುಚ್ಚಿಡುತ್ತಾರೆ. ಸಿ.ಎಸ್. ಫಾರೆಸ್ಟರ್ 1933ರಲ್ಲಿ ಪ್ರಕಟಿಸಿದ ‘ದ ಗನ್’ ಕಾದಂಬರಿ ಶುರುವಾಗುವುದು ಹೀಗೆ. ಎಸ್ಪಿನೋಸಾದ ಕದನ ನಿಜ, ತೋಪು ಕಲ್ಪನೆ.

‘ಗೆರಿಲ್ಲಾ’ ಎಂಬ ಮಾತು ಲೋಕಕ್ಕೆಲ್ಲ ಹರಡಿದ್ದೇ ಸ್ಪೇನಿನವರು ಫ್ರೆಂಚರ ವಿರುದ್ಧ ನಡೆಸಿದ ಈ ಯುದ್ಧದಿಂದ. ಸ್ಪ್ಯಾನಿಷ್‌ನಲ್ಲಿ ‘ಗೆರ್ರಾ’ ಎಂದರೆ ಯುದ್ಧ, ‘ಗೆರಿಲ್ಲಾ’ ಎಂದರೆ ಸಣ್ಣ ಯುದ್ಧ. ಕಣಿವೆಯಲ್ಲಿ ಹೊಂಚು ಹಾಕಿ, ಹೊಡೆದು, ಗುಡ್ಡ ಹತ್ತಿ ಮಾಯವಾಗುವ ರೈತರಿಗೆ ಫ್ರೆಂಚರ ಕಲ್ಲುಗೋಡೆಯ ಠಾಣ್ಯಗಳೆದುರು ಮಾತ್ರ ಏನೂ ನಡೆಯುತ್ತಿರಲಿಲ್ಲ. ಕೋವಿಯ ಗುಂಡಿಗೆ ಗೋಡೆ ಬೀಳುವುದುಂಟೇ? ಹೂತಿಟ್ಟ ತೋಪು ಮೇಲೆ ಬಂದಾಗ ಲೆಕ್ಕ ಬದಲಾಗುತ್ತದೆ. ಅದು ಹದಿನೆಂಟು ಪೌಂಡಿನ ತೋಪು, ಅಂದರೆ ಒಂದೊಂದು ಗುಂಡೂ ಸುಮಾರು 8 ಕಿಲೋ.

ಆದರೆ ಎಳೆಯುವವರಾರು? ಕಾದಂಬರಿಯ ಜೀವಾಳವೇ ಇದು. ಚಕ್ರ, ಹಗ್ಗ, ಎತ್ತು, ಹೇಸರಗತ್ತೆ, ಮೈಮುರಿದು ತಳ್ಳುವ ಜನ. ಹಗುರವಾಗಿ ಓಡುವುದೇ ಗೆರಿಲ್ಲಾ ಹೋರಾಟಗಾರನ ಬಲ. ತೋಪು ಕೈಸೇರಿದ ಕೂಡಲೇ ಆ ಬಲ ಹೋಯಿತು. ಠಾಣ್ಯಗಳು ಉರುಳಿದಂತೆ ಜನ ಸೇರುತ್ತಾರೆ, ಆಸೆ ಬೆಳೆಯುತ್ತದೆ, ಗುಡ್ಡ ಬಿಟ್ಟು ಬಯಲಿಗೆ ಇಳಿಯುತ್ತಾರೆ. ನಾಯಕರು ಬರುತ್ತಾರೆ, ಹೋಗುತ್ತಾರೆ. ಫಾರೆಸ್ಟರ್ ಯಾರಿಗಾಗಿಯೂ ಕಣ್ಣೀರು ಹಾಕುವುದಿಲ್ಲ. ಈ ಶುಷ್ಕತನವೇ ಪುಸ್ತಕವನ್ನು ಉಳಿಸಿದೆ.

ಹಾಲಿವುಡ್ಡಿಗೆ ಅದು ಸಾಲಲಿಲ್ಲ. 1957ರಲ್ಲಿ ಸ್ಟ್ಯಾನ್ಲಿ ಕ್ರೇಮರ್ ಇದನ್ನು ‘ದ ಪ್ರೈಡ್ ಅಂಡ್ ದ ಪ್ಯಾಶನ್’ ಎಂದು ತೆರೆಗೆ ತಂದಾಗ ಕ್ಯಾರಿ ಗ್ರಾಂಟ್, ಫ್ರಾಂಕ್ ಸಿನಾಟ್ರಾ ನಡುವೆ ಸೋಫಿಯಾ ಲೊರೆನ್ ಬಂದರು, ಪ್ರೇಮ ಬಂತು. ತೋಪು ಮಾತ್ರ ಇನ್ನೂ ದೊಡ್ಡದಾಯಿತು.

ಎಳೆಯುವ ಕಷ್ಟ ಕಥೆಗಾರನ ಉತ್ಪ್ರೇಕ್ಷೆಯಲ್ಲ. ಇದೇ ಯುದ್ಧದಲ್ಲಿ, 1812ರಲ್ಲಿ, ಫ್ರೆಂಚರ ಕೈಯಲ್ಲಿದ್ದ ಬುರ್ಗೋಸ್ ಕೋಟೆಯನ್ನು ಮುತ್ತಿದ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಬಳಿ ಇದ್ದದ್ದು ಹದಿನೆಂಟು ಪೌಂಡಿನ ಮೂರೇ ತೋಪು, ಕೋಟೆ ಬೀಳಲಿಲ್ಲ. ಇದೇ ವೆಲ್ಲಿಂಗ್ಟನ್ 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡವನು. ಹೈದರ್, ಟಿಪ್ಪು ಕಾಲದಲ್ಲಿ ತೋಪು ಎಳೆದಿದ್ದ ಮೈಸೂರಿನ ಅಮೃತಮಹಲ್ ಎತ್ತುಗಳ ಕಸುವು ಅವನಿಗೆ ಗೊತ್ತಿತ್ತು. ಸ್ಪೇನಿನಲ್ಲಿ ಅವು ಜೊತೆಗಿಲ್ಲವಲ್ಲ ಎಂದು ಅವನು ಹಲುಬಿದ್ದನ್ನು ಆ ತಳಿಯ ಚರಿತ್ರೆ ಬರೆದವರು ಇಂದಿಗೂ ನೆನೆಯುತ್ತಾರೆ.